ತೇಪೆಯ ಚರಿತ್ರೆ ಮತ್ತು ನಮ್ಮ ಕೀಲಿಮಣೆ

ಬ್ಯಾರಿ ಭಾಷೆಯನ್ನು ನಾವು ಹೆಚ್ಚಾಗಿ ಬರೆಯುವುದು ಕನ್ನಡ ಲಿಪಿಯಲ್ಲಿ. ಮನೆ ಮಂಗಳೂರಿನಲ್ಲಿರಲಿ, ನೀಲಗಿರಿಯ ಗೂಡಲೂರಿನಲ್ಲಿರಲಿ, ಕಂಪ್ಯೂಟರಿನಲ್ಲಿ ನಮ್ಮ ಮಾತು ಮೂಡಬೇಕಾದರೆ ಕನ್ನಡದ ಕೀಲಿಮಣೆ ಬೇಕು. ಅದು ಬೇರೆ ಬೇರೆ ಬಗೆಯ ಕಂಪ್ಯೂಟರುಗಳಿಗೆ ತಲುಪಿದ್ದರ ಹಿಂದೆ ‘ಪ್ಯಾಚ್’ ಎಂಬ ಸಣ್ಣ ಸಂಗತಿಯ ಚರಿತ್ರೆಯಿದೆ.

ಪ್ಯಾಚ್ ಅಂದರೆ ತೇಪೆ. ಹಿಂದೆ ಪ್ರೋಗ್ರಾಂಗಳನ್ನು ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಬರೆಯುತ್ತಿದ್ದರು. ತಪ್ಪಾದ ಕಡೆ ಕತ್ತರಿಸಿ ಬೇರೆ ತುಂಡು ಅಂಟಿಸುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. 1970ರ ದಶಕದ ಮೊದಲಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಗ್ಲಸ್ ಮ್ಯಾಕಿಲ್ರಾಯ್ ‘ಡಿಫ್’ ಎಂಬ ಪ್ರೋಗ್ರಾಂ ಬರೆದರು. ಎರಡು ಕಡತಗಳ ನಡುವೆ ಯಾವ ಸಾಲು ಬದಲಾಗಿದೆ ಎಂದು ಅದು ಪಟ್ಟಿ ಮಾಡುತ್ತದೆ. 1985ರಲ್ಲಿ ಲ್ಯಾರಿ ವಾಲ್ ಬರೆದ ‘ಪ್ಯಾಚ್’ ಆ ಪಟ್ಟಿಯನ್ನು ಓದಿ ಹಳೆಯ ಕಡತವನ್ನು ತಾನೇ ತಿದ್ದುತ್ತದೆ. ಇಡೀ ಪ್ರೋಗ್ರಾಂ ಕಳಿಸುವ ಬದಲು ಬದಲಾದ ಹತ್ತು ಸಾಲು ಕಳಿಸಿದರೆ ಸಾಕಾಯಿತು.

ಆದರೆ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋದಾಗ ತೊಡಕು. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಇಡುತ್ತದೆ, ಲಿನಕ್ಸ್ ಒಂದೇ. ಕಣ್ಣಿಗೆ ಕಾಣದ ಈ ವ್ಯತ್ಯಾಸದಿಂದ ಎಲ್ಲ ಸಾಲುಗಳೂ ಬೇರೆ ಎಂದು ತೋರಿ, ತೇಪೆ ಕೂರುವುದಿಲ್ಲ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ‘ಗಿಟ್’ನಲ್ಲಿ ಇದನ್ನು ಸರಿದೂಗಿಸುವ ಏರ್ಪಾಡು ಇದೆ.

ಈಗ ನಮ್ಮ ಕೀಲಿಮಣೆಗೆ ಬರೋಣ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವ ವಿನ್ಯಾಸ ರೂಪಿಸಿದರು. ಇಂಗ್ಲಿಷಿನ ‘ಕೆ’ ಒತ್ತಿದರೆ ಕ, ‘ಜಿ’ ಒತ್ತಿದರೆ ಗ. ಅದನ್ನು ಅವರು ತನ್ನದೆಂದು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಅದು ವಿಂಡೋಸ್‌ನಲ್ಲಿ ಮನೆಮಾತಾಯಿತು. ಲಿನಕ್ಸ್‌ಗೆ ಬಂದದ್ದು ಬರೀ ಪಠ್ಯದ ಸಾಲುಗಳಾಗಿ: ಈ ಕೀಲಿಗೆ ಈ ಅಕ್ಷರ. ಅಲ್ಲಿ ಅದರ ಹೆಸರು ‘ಕಗಪ’. ಅದೇ ಮಾದರಿಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿಗೂ ಕಗಪ ಕೀಲಿಮಣೆಗಳು ಸೇರಿವೆ.

ಗೂಡಲೂರಿನ ಮನೆಗಳಿಗೆ ಇದು ದೂರದ ಮಾತಲ್ಲ. 2011ರಿಂದ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಜೊತೆಗೆ ‘ಬಾಸ್’ ಲಿನಕ್ಸ್ ಕೂಡ ಬಂದಿತ್ತು. ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆ. ಒಂದರಲ್ಲಿ ಮಾತ್ರ ಬರೆಯಲು ಬರುವ ಭಾಷೆ ಇನ್ನೊಂದರಲ್ಲಿ ಮೂಕವಾಗುತ್ತದೆ.

2020ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬ್ಯಾರಿಗೆ ಸ್ವಂತ ಲಿಪಿಯನ್ನು ಹೊರತಂದಿತು. ಪುಸ್ತಕದಿಂದ ಪರದೆಗೆ ಬರಲು ಆ ಲಿಪಿಗೆ ಯೂನಿಕೋಡ್‌ನಲ್ಲಿ ಜಾಗ ಬೇಕು, ಫಾಂಟ್ ಬೇಕು, ಪ್ರತಿ ವ್ಯವಸ್ಥೆಗೂ ಕೀಲಿಮಣೆ ಬೇಕು. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ ಸೇರಿತು. ನಮ್ಮ ಮನೆಗಳಲ್ಲಿ ಈಗ ಎಂಜಿನಿಯರ್ ಮಕ್ಕಳಿಗೆ ಕೊರತೆಯಿಲ್ಲ. ಅವರಲ್ಲಿ ನಾಲ್ಕು ಮಂದಿ ಕೂತು ಕೆಲವು ಸಾಲು ಬರೆದು ಎಲ್ಲರಿಗೂ ಹಂಚಿದರೆ, ಬ್ಯಾರಿಯ ಅಕ್ಷರಕ್ಕೂ ಅದೇ ದಾರಿ ತೆರೆಯುತ್ತದೆ.