ಕಂಸಾಳೆಯ ಸೀಮೆ

ಹನೂರನ್ನೊಳಗೊಂಡ ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಪಕ್ಕದ ಯಳಂದೂರು ಮೈಸೂರಿನದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದದ್ದು. ಸರ್ಕಾರಗಳು ಎರಡಾದರೂ ಹಾಡು ಎರಡಾಗಲಿಲ್ಲ. ಮೈಸೂರು ಕಡೆಯ ಒಕ್ಕಲೂ ಮಾದಪ್ಪನ ಮಲೆಗೇ ನಡೆದು ಬಂದಿತು.

ಮಾದಪ್ಪನ ಕಥೆ ಹಾಡುವವರು ದೇವರ ಗುಡ್ಡರು. ಅವರ ವಾದ್ಯ ಕಂಚಿನ ಕಂಸಾಳೆ: ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಮಂಟೇಸ್ವಾಮಿಯ ಕಥೆಯೂ ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಕಥೆಯೂ ನೀಲಗಾರರವು. ಅವರಿಗೆ ತಂಬೂರಿ, ಡಕ್ಕಿ, ಗಗ್ಗರಗಳ ನೆರವು. ಕಲ್ಯಾಣದ ಬಸವಣ್ಣನವರನ್ನೇ ಪರೀಕ್ಷೆಗೊಡ್ಡುವ ಕಾವ್ಯವದು. ನಾವು ತರಗತಿಯಲ್ಲಿ ಹೇಳುವ ಶರಣರ ಚರಿತ್ರೆಗೆ ಇದು ಹಳ್ಳಿಯವರು ಕೊಟ್ಟ ಉತ್ತರವೆಂದೇ ನನ್ನ ಭಾವನೆ.

ಇಂದು ವೇದಿಕೆಯ ಮೇಲೆ ಕಂಸಾಳೆ ಬೀಸುವ ಕುಣಿತಕ್ಕೆ ಚಪ್ಪಾಳೆ ಬೀಳುತ್ತದೆ. ಸಂತೋಷವೇ. ಆದರೆ ಕುಣಿತ ಕೆಲವು ನಿಮಿಷಗಳದು, ಕಥೆ ಇಡೀ ರಾತ್ರಿಯದು. ತಾಳವನ್ನು ನೋಡುವವರು ಹೆಚ್ಚಿ, ಕಥೆಯನ್ನು ಕೇಳುವವರು ಕಡಿಮೆಯಾದರೆ ಕಂಚು ಉಳಿದೀತು, ಕಾವ್ಯ ಉಳಿಯದು. ಪಂಪ ಹರಿಹರರನ್ನು ಪಾಠ ಹೇಳುವ ನಾನು ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ: ಒಂದು ರಾತ್ರಿ ನಿದ್ದೆಗೆಟ್ಟು ಸಂಕಮ್ಮನ ಸಾಲೊಂದನ್ನಾದರೂ ಪೂರ್ತಿಯಾಗಿ ಕೇಳಿರಿ.