ಕೋವಿಡ್ ಕಾಲದ ಪ್ರಯೋಗಾಲಯ ಸಿಬ್ಬಂದಿಯ ಮಾನಸಿಕ ಒತ್ತಡ: ಅಳತೆಯ ಕುರಿತು ಒಂದು ಟಿಪ್ಪಣಿ

1. ಒಂದು ಅಂಕಿಯ ವ್ಯಾಪ್ತಿ

ಕೋವಿಡ್‌ನ ಮೊದಲ ತಿಂಗಳುಗಳಲ್ಲಿ ಆರೋಗ್ಯ ಕಾರ್ಯಕರ್ತರ ಪೈಕಿ ಅರ್ಧದಷ್ಟು ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು ಎಂಬ ಹೇಳಿಕೆಗೆ ಆಧಾರವಾಗಿ ಪದೇ ಪದೇ ಉಲ್ಲೇಖವಾಗುವುದು ಚೀನಾದ ಒಂದು ಸಮೀಕ್ಷೆ. ಲೈ ಮತ್ತು ಸಂಗಡಿಗರು 2020ರ ಜನವರಿ 29ರಿಂದ ಫೆಬ್ರವರಿ 3ರವರೆಗೆ ಇದನ್ನು ನಡೆಸಿದರು. ಮಾರ್ಚ್‌ನಲ್ಲಿ 'ಜಾಮಾ ನೆಟ್‌ವರ್ಕ್ ಓಪನ್' ಪತ್ರಿಕೆಯಲ್ಲಿ ಪ್ರಕಟವಾಯಿತು. 34 ಆಸ್ಪತ್ರೆಗಳ 1,830 ಮಂದಿಯನ್ನು ಸಂಪರ್ಕಿಸಲಾಗಿ 1,257 ಮಂದಿ ಉತ್ತರಿಸಿದರು. ಖಿನ್ನತೆಯ ಲಕ್ಷಣ ಕಂಡದ್ದು 634 ಮಂದಿಯಲ್ಲಿ, ಅಂದರೆ ಶೇ 50.4.

ಇಲ್ಲಿ ಎರಡು ಅಂಶ ಗಮನಾರ್ಹ. ಒಂದು, ಉತ್ತರಿಸಿದವರಲ್ಲಿ 764 ಮಂದಿ ಶುಶ್ರೂಷಕರು, 493 ಮಂದಿ ವೈದ್ಯರು. ಕೂಡಿದರೆ ಸರಿಯಾಗಿ 1,257. ಪ್ರಯೋಗಾಲಯ ತಂತ್ರಜ್ಞರು ಒಬ್ಬರೂ ಇಲ್ಲ. ಎರಡು, 634ರಲ್ಲಿ ಸೌಮ್ಯ ಲಕ್ಷಣದವರೂ ಸೇರಿದ್ದಾರೆ; ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಮಾಪನದಲ್ಲಿ ಸಾಮಾನ್ಯವಾಗಿ ಬಳಸುವ 10 ಅಂಕಗಳ ಗಡಿಯನ್ನು ಇಟ್ಟುಕೊಂಡರೆ ಪ್ರಮಾಣ ಗಣನೀಯವಾಗಿ ತಗ್ಗುತ್ತದೆ. ತಪ್ಪು ಸಮೀಕ್ಷೆಯದಲ್ಲ. ಶೀರ್ಷಿಕೆಯ 'ಆರೋಗ್ಯ ಸೇವಾ ಕಾರ್ಯಕರ್ತರು' ಎಂಬ ಅಗಲವಾದ ಪದವನ್ನು ಮಾತ್ರ ಎತ್ತಿಕೊಂಡು, ಕೋಷ್ಟಕವನ್ನು ಬಿಟ್ಟವರದು. ಈ ಅಂಕಿಯಿಂದ ಲ್ಯಾಬ್ ಸಿಬ್ಬಂದಿಯ ಒತ್ತಡ ಹೆಚ್ಚೆಂದೂ ಕಡಿಮೆಯೆಂದೂ ಸಾಧಿಸಲಾಗದು.

2. ಮಾಪನದ ಹೊಂದಾಣಿಕೆ

ವೃತ್ತಿಜನ್ಯ ಬಳಲಿಕೆಗೆ ಹೆಚ್ಚು ಬಳಕೆಯಲ್ಲಿರುವುದು ಮ್ಯಾಸ್ಲಾಕ್ ಮತ್ತು ಜ್ಯಾಕ್ಸನ್ 1981ರಲ್ಲಿ ರೂಪಿಸಿದ ಪ್ರಶ್ನಾವಳಿ. ಮಾನವ ಸೇವಾ ವೃತ್ತಿಗಳಿಗಾಗಿ ಇರುವ ಅದರ 22 ಪ್ರಶ್ನೆಗಳ ಆವೃತ್ತಿಯಲ್ಲಿ ಒಂದು ಘಟಕವು ಸೇವೆ ಪಡೆಯುವವರ ಬಗ್ಗೆ ಮೂಡುವ ನಿರ್ಭಾವವನ್ನು ಅಳೆಯುತ್ತದೆ. ರೋಗಿಯ ಮುಖವನ್ನೇ ನೋಡದೆ, ಅಂಕಿ ಅಂಟಿಸಿದ ವಿಟಿಎಂ (ಮಾದರಿ ಸಾಗಿಸುವ ದ್ರಾವಣದ) ಕೊಳವೆಯೊಂದಿಗೆ ದಿನ ಕಳೆಯುವವರು ಈ ಪ್ರಶ್ನೆಗಳಿಗೆ ಏನೆಂದು ಉತ್ತರಿಸಬೇಕು? ಇಲ್ಲಿ ಕಡಿಮೆ ಅಂಕ ಬಂದರೆ ಅದು ನೆಮ್ಮದಿಯ ಸೂಚನೆಯೇ ಆಗಿರಬೇಕೆಂದಿಲ್ಲ. ಪ್ರಶ್ನೆ ಅನ್ವಯಿಸದಿರುವುದರ ಸೂಚನೆಯೂ ಆಗಿರಬಹುದು. 16 ಪ್ರಶ್ನೆಗಳ ಸಾಮಾನ್ಯ ಆವೃತ್ತಿಯು ಆ ಘಟಕದ ಬದಲು ಕೆಲಸದ ಬಗೆಗಿನ ಸಿನಿಕತನವನ್ನು ಕೇಳುತ್ತದೆ. ಲ್ಯಾಬ್‌ಗೆ ಅದೇ ಹೆಚ್ಚು ಸೂಕ್ತವೆಂದು ತೋರುತ್ತದೆ. ಎರಡೂ ಆವೃತ್ತಿಗಳ ಫಲಿತಾಂಶಗಳನ್ನು ಒಂದೇ ಸಾಲಿನಲ್ಲಿಟ್ಟು ಹೋಲಿಸುವುದು ಸರಿಯಲ್ಲ.

3. ಮೂರು ದಿನಾಂಕಗಳು

ಭಾರತದ ಮೊದಲ ಕೋವಿಡ್ ಸಾವು ಕಲಬುರಗಿಯ ವೃದ್ಧರೊಬ್ಬರದು. ಇದರ ದಿನಾಂಕವನ್ನು ಕೆಲವರು ಮಾರ್ಚ್ 10 ಎಂದೂ ಕೆಲವರು ಮಾರ್ಚ್ 12 ಎಂದೂ ಬರೆಯುತ್ತಾರೆ. ಸಾವು ಸಂಭವಿಸಿದ್ದು 10ರಂದು. ಸೋಂಕು ದೃಢಪಟ್ಟದ್ದು 12ರಂದು. ಆದರೆ ಈ ಟಿಪ್ಪಣಿಗೆ ಮುಖ್ಯವಾದದ್ದು ಮೂರನೆಯ ದಿನಾಂಕ: ಕಲಬುರಗಿಯಲ್ಲಿ ಮಾದರಿ ತೆಗೆದದ್ದು 9ರಂದು. ಪರೀಕ್ಷೆ ನಡೆದದ್ದು ಬೆಂಗಳೂರು ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಯ ವೈರಾಣು ಪ್ರಯೋಗಾಲಯದಲ್ಲಿ.

ಮನೆಯವರ ಪಾಲಿಗೆ ಕಾಯುವಿಕೆ ಶುರುವಾಗುವುದು ಗಂಟಲು ದ್ರವ ತೆಗೆದ ಗಳಿಗೆಯಿಂದ. ಲ್ಯಾಬ್‌ನ ಗಡಿಯಾರ ಶುರುವಾಗುವುದು ಮಾದರಿ ಕೈಸೇರಿದ ಮೇಲೆ. ನಡುವಿನ ದಾರಿಯ ಹೊತ್ತನ್ನು ಯಾರ ಖಾತೆಗೂ ಬರೆಯದಿದ್ದರೆ, 'ರಿಪೋರ್ಟ್ ಇನ್ನೂ ಬಂದಿಲ್ಲ' ಎಂಬ ದೂರು ಬಂದು ಬೀಳುವುದು ಲ್ಯಾಬ್‌ನ ಮೇಲೆಯೇ. ತನ್ನ ಹಿಡಿತದಲ್ಲಿಲ್ಲದ ವಿಳಂಬಕ್ಕೆ ಉತ್ತರದಾಯಿಯಾಗುವುದು ಒತ್ತಡದ ಪ್ರತ್ಯೇಕ ಕಾರಣವೆಂದು ಪರಿಗಣಿಸಲು ಅರ್ಹ. ಸೋಂಕಿನ ಭಯ, ಪಿಪಿಇ ಕಿಟ್‌ನ ಸೆಕೆ, ನಿದ್ದೆಗೇಡು ಇವುಗಳ ಪಟ್ಟಿಯಲ್ಲಿ ಅದನ್ನು ಕರಗಿಸಬಾರದು.

4. ಕೆಲಸದ ಹೊರೆ: ಮಾದರಿಯೋ, ಪರೀಕ್ಷೆಯೋ?

ಐಸಿಎಂಆರ್ ಲೆಕ್ಕದಂತೆ 2020ರ ಆಗಸ್ಟ್ 21ರಂದು ದೇಶದಲ್ಲಿ ಪರೀಕ್ಷೆಯಾದ ಮಾದರಿಗಳು 10,23,836. ಇಂಥ ಅಂಕಿಯನ್ನು ಹೊರೆಯ ಸೂಚಕವಾಗಿ ಬಳಸುವಾಗ ಎಚ್ಚರ ಬೇಕು. ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆಗೂ ಆರ್‌ಟಿ-ಪಿಸಿಆರ್‌ಗೂ ತಗಲುವ ಶ್ರಮ ಒಂದೇ ಅಲ್ಲ. ಜೊತೆಗೆ, ಐಸಿಎಂಆರ್‌ನ ಏಪ್ರಿಲ್ 13ರ ಸಲಹಾಪತ್ರವು ಪಾಸಿಟಿವ್ ಪ್ರಮಾಣ ಶೇ 2ಕ್ಕಿಂತ ಕಡಿಮೆಯಿರುವೆಡೆ ಐದು ಮಾದರಿಗಳವರೆಗೆ ಒಟ್ಟುಗೂಡಿಸಿ ಪರೀಕ್ಷಿಸಲು ಅವಕಾಶ ಕೊಟ್ಟಿತ್ತು. ಗುಂಪು ಪಾಸಿಟಿವ್ ಬಂದರೆ ಐದನ್ನೂ ಬಿಡಿಬಿಡಿಯಾಗಿ ಮತ್ತೆ ಮಾಡಬೇಕು.

ಸೋಂಕು ಗುಂಪುಗಳಲ್ಲಿ ಯಾದೃಚ್ಛಿಕವಾಗಿ ಹಂಚಿದೆ ಎಂದು ಭಾವಿಸಿದರೆ, ಪಾಸಿಟಿವ್ ಪ್ರಮಾಣ ಶೇ 2 ಇದ್ದಾಗ 100 ಮಾದರಿಗಳಿಗೆ ಸರಾಸರಿ 29.6 ಪರೀಕ್ಷೆ ಸಾಕು. ಶೇ 5ಕ್ಕೆ 42.6; ಶೇ 10ಕ್ಕೆ 61. ಒಂದೇ ಮನೆಯವರ ಮಾದರಿಗಳು ಒಟ್ಟಿಗೆ ಬಂದಾಗ ಈ ಊಹೆ ನಿಲ್ಲದು. ಆದರೂ ಒಂದು ಮಾತನ್ನು ಹೇಳಬಹುದು: ಬಂದ ಮಾದರಿಗಳ ಸಂಖ್ಯೆ ಬದಲಾಗದಿದ್ದರೂ ಮೇಜಿನ ಮೇಲಿನ ಕೆಲಸ ಇಮ್ಮಡಿಯಾಗಲು ಸಾಧ್ಯ. ಅದೂ ಸೋಂಕು ಏರುತ್ತಿರುವ ವಾರಗಳಲ್ಲೇ. ದೈನಿಕ ಬುಲೆಟಿನ್ನಿನಲ್ಲಿ ಈ ಶ್ರಮ ಕಾಣಿಸುವುದಿಲ್ಲ. ಬೆಳಗಿನ ಜಾವದವರೆಗೆ ಅದನ್ನು ಮಾಡಿದವರ ಮಟ್ಟಿಗೆ ಇದು ಸಣ್ಣ ಲೋಪವಲ್ಲ.

5. ವ್ಯಾಖ್ಯಾನಗಳು

2020ರ ಮಾರ್ಚ್ 26ರಂದು ಆರೋಗ್ಯ ಕಾರ್ಯಕರ್ತರಿಗೆ ಘೋಷಣೆಯಾದ 50 ಲಕ್ಷ ರೂಪಾಯಿಯ ವಿಮೆಯ ಪ್ರಕಟಣೆಯಲ್ಲಿ 'ತಂತ್ರಜ್ಞರು' ಎಂಬ ಪದವಿತ್ತು. ಫಲಾನುಭವಿಗಳು ಸುಮಾರು 22 ಲಕ್ಷ. ಮಾರ್ಚ್ 28ರ ಆದೇಶದಲ್ಲಿ ಸಂಖ್ಯೆ 22.12 ಲಕ್ಷವಾಯಿತು, ಅಲ್ಲಿನ ವಾಕ್ಯವು ಕೋವಿಡ್ ರೋಗಿಗಳ 'ನೇರ ಸಂಪರ್ಕ ಮತ್ತು ಆರೈಕೆ'ಯನ್ನು ಹೇಳುತ್ತದೆ. ಮಾದರಿಯೊಂದಿಗಿನ ಸಂಪರ್ಕ ಇದರೊಳಗೆ ಬರುತ್ತದೆಯೇ ಎಂಬುದು ಪದಗಳಿಂದಲೇ ನಿರ್ಧಾರವಾಗದು. ಏಪ್ರಿಲ್ 22ರ ಸಾಂಕ್ರಾಮಿಕ ರೋಗಗಳ ತಿದ್ದುಪಡಿ ಸುಗ್ರೀವಾಜ್ಞೆಯು ಆರೋಗ್ಯ ಸೇವಾ ಸಿಬ್ಬಂದಿಯನ್ನು ವೈದ್ಯರು, ಶುಶ್ರೂಷಕರು, ಅರೆವೈದ್ಯಕೀಯ ಕಾರ್ಯಕರ್ತರು, ಸಮುದಾಯ ಆರೋಗ್ಯ ಕಾರ್ಯಕರ್ತರು ಎಂದು ಹೆಸರಿಸಿತ್ತು. ಲ್ಯಾಬ್ ಸಿಬ್ಬಂದಿ 'ಅರೆವೈದ್ಯಕೀಯ'ದೊಳಗೆ ಅಡಗಿದ್ದಾರೆ ಎಂದು ಓದಿಕೊಳ್ಳಬೇಕು.

ಸಂಬದ್ಧ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 2021ರ ಮಾರ್ಚ್ 28ರಂದು, ಮೇಲಿನ ಆದೇಶಕ್ಕೆ ಸರಿಯಾಗಿ ಒಂದು ವರ್ಷದ ಮೇಲೆ. ಅದರ ಅನುಸೂಚಿಯ ಮೊದಲ ವರ್ಗವೇ ವೈದ್ಯಕೀಯ ಪ್ರಯೋಗಾಲಯ ಮತ್ತು ಜೀವವಿಜ್ಞಾನ.