ಸುದ್ದಿ ಹೊತ್ತವರು, ಸುದ್ದಿ ಬರೆದವರು

ಪತ್ರಿಕೋದ್ಯಮ ಅನ್ನಿ, ಸಮೂಹ ಸಂವಹನ ಅನ್ನಿ, ಮಾಧ್ಯಮ ಅಧ್ಯಯನ ಅನ್ನಿ, ಈ ಪದವಿಗೆ ಸೇರಿದ ಹುಡುಗ ಹುಡುಗಿಯರಿಗೆ ಮೊದಲ ವರ್ಷ ಹೇಳಿಕೊಡುವ ಚರಿತ್ರೆ ಸಾಮಾನ್ಯವಾಗಿ ಒಂದೇ. 1780ರಲ್ಲಿ ಕಲ್ಕತ್ತೆಯಲ್ಲಿ ಹಿಕ್ಕಿ ಎಂಬ ಐರ್ಲೆಂಡಿನವನು ಗೆಜೆಟ್ ಹೊರಡಿಸಿದ. 1843ರಲ್ಲಿ ಮಂಗಳೂರಿನಲ್ಲಿ ಪಾದ್ರಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಾಗ ತಾತಯ್ಯ ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ನಮ್ಮ ಜಿಲ್ಲೆಯ ಮುಳಬಾಗಿಲಿನ ಡಿ.ವಿ.ಜಿ. 'ಕರ್ನಾಟಕ' ನಡೆಸಿದರು. ಇದೆಲ್ಲ ನಿಜ, ಕಲಿಯಬೇಕಾದದ್ದೇ. ಆದರೆ ಬಂಗಾರಪೇಟೆ ಸ್ಟೇಷನ್ನಿನಿಂದ ಹತ್ತು ಮೈಲಿಯಾಚೆ, ಚಿನ್ನದ ಗಣಿಯ ನೆಲದಲ್ಲಿ, ಊರಾಚೆ ಇಟ್ಟವರೇ ಸೇರಿ ಅಚ್ಚಿನ ಮನೆ ಕಟ್ಟಿ ಪತ್ರಿಕೆ ನಡೆಸಿದ್ದರು ಅನ್ನೋ ಮಾತನ್ನು ನಮ್ಮ ಹುಡುಗರಿಗೆ ಯಾರು ಹೇಳುತ್ತಾರೆ? ಅದನ್ನು ಹೇಳೋದಕ್ಕೇ ಈ ಬರಹ.

ಚರಿತ್ರೆಯನ್ನು ಕಲ್ಕತ್ತೆಯಿಂದ ಶುರು ಮಾಡೋದು ಬಿಟ್ಟು ನಮ್ಮ ಕೇರಿಯಿಂದ ಶುರು ಮಾಡಿ ನೋಡೋಣ. ಕೋಲಾರ ಸೀಮೆಯ ಹಳ್ಳಿಗಳಲ್ಲಿ ಸಂವಹನ ಅನ್ನುವ ಕೆಲಸ ಯಾರದಾಗಿತ್ತು? ತೋಟಿಯದು. ಕಂದಾಯ ಕಟ್ಟಿ ಅಂತ ಬೀದಿಬೀದಿಯಲ್ಲಿ ತಮಟೆ ಬಡಿದು ಸಾರೋನು ಅವನು. ಗೌಡರ ಮನೆಯಲ್ಲಿ ಸಾವಾದರೆ ಹತ್ತೂರು ತಿರುಗಿ ನೆಂಟರಿಗೆ ಸುದ್ದಿ ಮುಟ್ಟಿಸೋನು ಅವನು. ರಾತ್ರಿಯೇ ಆಗಲಿ, ಮಳೆಯೇ ಬರಲಿ, ಹೊರಡಲೇಬೇಕು. ಸುದ್ದಿ ಹೇಳಿ ಹೊಸ್ತಿಲಾಚೆ ನಿಂತು, ಕೊಟ್ಟ ಮುದ್ದೆ ಉಂಡು ವಾಪಸು ಬರಬೇಕು. ಸುದ್ದಿ ಅವನ ಬಾಯಿಂದಲೇ ಬರುತ್ತಿತ್ತು, ಅದರಲ್ಲಿ ಅವನದು ಅನ್ನುವ ಒಂದು ಮಾತೂ ಇರುತ್ತಿರಲಿಲ್ಲ. ಅವನ ಮನೆಯ ಕೂಸು ಸತ್ತಾಗ ಯಾವ ಊರಿಗೂ ಯಾರೂ ಸುದ್ದಿ ಒಯ್ಯಲಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾನೂನು ಬಂದಿದ್ದು 1961ರಲ್ಲಿ. ಕಾನೂನು ಬಂದ ಮೇಲೂ ಬಿಟ್ಟಿ ಚಾಕರಿ ಹಳ್ಳಿಗಳಲ್ಲಿ ಎಷ್ಟು ವರ್ಷ ನಡೆಯಿತು ಅನ್ನೋದನ್ನ ನಮ್ಮ ಅಜ್ಜಂದಿರು ಬಲ್ಲರು. ಅಂದಮೇಲೆ ಈ ವಿದ್ಯೆ ನಮಗೆ ಹೊಸದಲ್ಲ ಗೆಳೆಯರೇ. ಸುದ್ದಿ ಹೊರುವುದು ನಮ್ಮ ಕುಲಕಸುಬು ಅಂತಲೇ ಮಾಡಿಟ್ಟಿದ್ದರು. ಸುದ್ದಿ ಯಾವುದು, ಯಾವುದಲ್ಲ ಅಂತ ತೀರ್ಮಾನ ಮಾಡುವ ಹಕ್ಕು ಮಾತ್ರ ನಮ್ಮದಾಗಿರಲಿಲ್ಲ.

ಆ ಹಕ್ಕನ್ನು ಕೈಗೆ ತೆಗೆದುಕೊಂಡವರ ಕತೆ ಚಿನ್ನದ ಗಣಿಯದು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗಳಿಗೆ ಕೈಹಾಕಿತು. 1876ರಿಂದ 78ರವರೆಗಿನ ಮಹಾಕ್ಷಾಮ ಆಗತಾನೆ ಮದ್ರಾಸ್ ಮತ್ತು ಮೈಸೂರು ಸೀಮೆಯ ಬಡವರ ಬೆನ್ನು ಮುರಿದಿತ್ತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಜನ ಗುಳೆ ಬಂದು ಭೂಮಿಯೊಳಕ್ಕೆ ಇಳಿದರು. ಇಳಿದವರಲ್ಲಿ ಹೆಚ್ಚಿನವರು ಅಸ್ಪೃಶ್ಯರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಬೆಂಗಳೂರಿನ ಬೀದಿದೀಪಗಳಿಗಿಂತ ಮೊದಲೇ. ಎಲ್ಲ ಬಂದಿದ್ದು ಗಣಿಗೆ. ಗಣಿಯಲ್ಲಿ ದುಡಿಯುವವನ ಲೈನು ಮನೆಗೆ ಬಂದಿದ್ದು ಕೆಮ್ಮು. ಈ ತಿಂಗಳು ಇಷ್ಟು ಔನ್ಸ್ ಚಿನ್ನ ತೆಗೆದೆವು ಅನ್ನುವ ಸುದ್ದಿ ಲಂಡನ್ನಿನ ಷೇರುದಾರನಿಗೆ ತಂತಿಯಲ್ಲಿ ಹೋಗುತ್ತಿತ್ತು. ಬಂಡೆ ಸಿಡಿದು ಸತ್ತವನ ಸುದ್ದಿ ಅವನ ಊರಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿತ್ತು. ಒಂದೇ ನೆಲದಿಂದ ಹೊರಟ ಎರಡು ಸುದ್ದಿಗಳ ವೇಗದಲ್ಲಿ ಇದ್ದ ಈ ಅಂತರವೇ ನಮ್ಮ ಮಾಧ್ಯಮ ಚರಿತ್ರೆಯ ಮೊದಲ ಪಾಠವಾಗಬೇಕು.

ಮದ್ರಾಸಿನಲ್ಲಿ ಆಗಲೇ ಬೇರೆ ಗಾಳಿ ಎದ್ದಿತ್ತು. 1893ರಲ್ಲಿ ರೆಟ್ಟಮಲೈ ಶ್ರೀನಿವಾಸನ್ ಅವರು 'ಪರೈಯನ್' ಎಂಬ ಪತ್ರಿಕೆ ಹೊರಡಿಸಿದರು. ಬೈಗುಳವಾಗಿ ಬಳಸುತ್ತಿದ್ದ ಜಾತಿಯ ಹೆಸರನ್ನೇ ಪತ್ರಿಕೆಯ ಹಣೆಗೆ ಅಚ್ಚು ಮಾಡಿಸಿದ ಎದೆಗಾರಿಕೆ ಅದು. 1898ರಲ್ಲಿ ಸಿದ್ಧವೈದ್ಯ ಅಯೋತಿದಾಸ ಪಂಡಿತರು ಶಾಕ್ಯ ಬೌದ್ಧ ಸಂಘ ಕಟ್ಟಿದರು. ನಾವು ಮೂಲದಲ್ಲಿ ಬೌದ್ಧರು, ಜಾತಿಯನ್ನು ಒಪ್ಪದಿದ್ದಕ್ಕೇ ನಮ್ಮನ್ನು ಊರಾಚೆ ತಳ್ಳಿದರು ಅನ್ನುವುದು ಅವರ ವಾದ. 1907ರ ಜೂನ್‌ನಲ್ಲಿ ಅವರು 'ಒರು ಪೈಸಾ ತಮಿಳನ್' ಎಂಬ ವಾರಪತ್ರಿಕೆ ಶುರು ಮಾಡಿದರು. ಬೆಲೆ ಹೆಸರಿನಲ್ಲೇ ಇತ್ತು, ಒಂದು ಪೈಸೆ. ಆಗ ರೂಪಾಯಿಗೆ ಅರವತ್ನಾಲ್ಕು ಪೈಸೆ. ಕೂಲಿಯವನೂ ಕೊಳ್ಳಬಹುದಾದ ಪತ್ರಿಕೆ ಅಂತ ಅದರ ಅರ್ಥ. ಒಂದು ವರ್ಷದ ಮೇಲೆ ಹೆಸರು ಬರೀ 'ತಮಿಳನ್' ಆಯಿತು.

ಈ ಪತ್ರಿಕೆಯ ಓದುಗರು ಎಲ್ಲಿದ್ದರು? ಒಂದು ದೊಡ್ಡ ಪಾಲು ನಮ್ಮ ಗಣಿಯಲ್ಲಿತ್ತು. ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್‌ನಲ್ಲಿ ಬೌದ್ಧ ಸಂಘದ ಶಾಖೆಗಳು ಎದ್ದವು. ಎಂ. ವೈ. ಮುರುಗೇಸರ್ ಅವರಂಥವರು ಮುಂದೆ ನಿಂತರು. ಓದು ಬಂದ ಒಬ್ಬ ಓದೋದು, ಬಾರದ ಹತ್ತು ಜನ ಸುತ್ತ ಕೂತು ಕೇಳೋದು ಆ ಕಾಲದ ರೀತಿ. 1914ರಲ್ಲಿ ಪಂಡಿತರು ತೀರಿಕೊಂಡರು. ಮದ್ರಾಸಿನಲ್ಲಿ ಪತ್ರಿಕೆ ಕುಂಟುತ್ತಾ ನಡೆದು ನಿಂತಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಯಾವ ಪಟ್ಟಣದ ಸಾಹುಕಾರನೂ ಅಲ್ಲ, ಕೋಲಾರದ ಗಣಿಯ ಜನ. 1926ರಲ್ಲಿ ಜಿ. ಅಪ್ಪಾದುರೈಯಾರ್ ಅವರ ಸಂಪಾದಕತ್ವದಲ್ಲಿ 'ತಮಿಳನ್' ಚಿನ್ನದ ಗಣಿಯಿಂದಲೇ ಹೊರಟಿತು. ಪಂಡಿತರ ಪುಸ್ತಕಗಳನ್ನೂ ಗಣಿಯ ಸಿದ್ಧಾರ್ಥ ಪುಸ್ತಕಶಾಲೆ ಅಚ್ಚು ಹಾಕಿಸಿ ಉಳಿಸಿತು. ಉಳಿಸದೇ ಹೋಗಿದ್ದರೆ ಇವತ್ತು ವಿಶ್ವವಿದ್ಯಾಲಯಗಳಲ್ಲಿ ಪಂಡಿತರ ಮೇಲೆ ಪಿಎಚ್.ಡಿ. ಮಾಡುವವರಿಗೆ ಓದೋದಕ್ಕೆ ಏನು ಸಿಗುತ್ತಿತ್ತು?

ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1930ರಲ್ಲಿ, ಅಂದರೆ ಅದೇ ನೆಲದಲ್ಲಿ ಆ ಪತ್ರಿಕೆ ನಡೆಯುತ್ತಿದ್ದ ಕಾಲದಲ್ಲೇ, ಕಾರ್ಮಿಕರು ನೋಂದಣಿಗಾಗಿ ಬೆರಳಚ್ಚು ಕೊಡಬೇಕು ಅಂತ ಗಣಿಯಲ್ಲಿ ಕಟ್ಟಳೆ ಬಂತು. ಬೆರಳಚ್ಚು ಅಂದರೆ ಪೊಲೀಸರು ಕಳ್ಳಕಾಕರ ಗುರುತು ಹಿಡಿಯಲು ಇಟ್ಟುಕೊಂಡಿದ್ದ ವಿದ್ಯೆ. ಕಾರ್ಮಿಕರು ಒಪ್ಪಲಿಲ್ಲ. ಸಾವಿರಾರು ಜನ ಕೆಲಸ ಬಿಟ್ಟು ಹೊರಗೆ ಬಂದರು. ಮುಷ್ಕರ ಮೂರು ವಾರ ನಡೆಯಿತು. ಆಳುವವನ ಕಣ್ಣಿಗೆ ಗಣಿಯ ಕೂಲಿ ಒಂದು ಹೆಬ್ಬೆಟ್ಟು, ಅಷ್ಟೆ. ಆ ಹೆಬ್ಬೆಟ್ಟಿನ ಜನರ ನಡುವೆ ಅಚ್ಚಿನ ಮೊಳೆ ಜೋಡಿಸುವ ಕೈಗಳೂ ಇದ್ದವು ಅನ್ನೋದು ಅವನಿಗೆ ಕಾಣಲಿಲ್ಲ. ನನ್ನ ಮಟ್ಟಿಗೆ ಮುಷ್ಕರ ಮತ್ತು ಪತ್ರಿಕೆ ಎರಡೂ ಒಂದೇ ಮಾತನ್ನು ಹೇಳುತ್ತವೆ. ನಮ್ಮ ಗುರುತನ್ನು ನೀವು ಒತ್ತಿಸಿಕೊಳ್ಳಬೇಡಿ, ನಾವೇ ಬರೆದುಕೊಳ್ಳುತ್ತೇವೆ.

ಅದೇ ಹೊತ್ತಿನಲ್ಲಿ ಮುಂಬಯಿಯಲ್ಲಿ ಬಾಬಾಸಾಹೇಬರೂ ಇದೇ ಕೆಲಸದಲ್ಲಿದ್ದರು. 1920ರ ಜನವರಿ 31ರಂದು 'ಮೂಕನಾಯಕ', 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ'. 'ಮೂಕನಾಯಕ' ಹೊರಡುತ್ತಿದೆ ಎಂಬ ಜಾಹೀರಾತನ್ನು ದುಡ್ಡು ಕೊಡುತ್ತೇವೆ ಅಂದರೂ 'ಕೇಸರಿ' ಹಾಕಿಕೊಳ್ಳಲಿಲ್ಲ. ಸ್ವಾತಂತ್ರ್ಯದ ಪತ್ರಿಕೆಯೆಂದು ನಮ್ಮ ಪಠ್ಯಗಳು ಕೊಂಡಾಡುವ ಪತ್ರಿಕೆ ಅದು.

ಈಗ ಪದವಿಯ ವಿಷಯಕ್ಕೆ ಬರೋಣ. ಪತ್ರಿಕೋದ್ಯಮವನ್ನು ಕಾಲೇಜಿನಲ್ಲಿ ಕಲಿಸುವ ಪ್ರಯತ್ನ ನಮ್ಮ ದೇಶದಲ್ಲಿ ಶುರುವಾದದ್ದು 1920ರಲ್ಲಿ, ಅಡ್ಯಾರಿನಲ್ಲಿ, ಆನಿ ಬೆಸೆಂಟರಿಂದ. 1938ರಲ್ಲಿ ಅಲೀಗಢದಲ್ಲಿ ಒಂದು ಡಿಪ್ಲೊಮಾ ಬಂತು, ಬೇಗ ನಿಂತಿತು. ನೆಲೆ ನಿಂತ ವಿಭಾಗ ಅಂದರೆ 1941ರ ಲಾಹೋರಿನದು. ಕರ್ನಾಟಕದಲ್ಲಿ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಈ ವಿಷಯದ ಪಾಠ ಶುರು ಮಾಡಿದರು. ಲೆಕ್ಕ ಹಾಕಿ ನೋಡಿ. ಮೈಸೂರು ವಿಶ್ವವಿದ್ಯಾಲಯ ಪತ್ರಿಕೋದ್ಯಮಕ್ಕೆ ಬೆಂಚು ಹಾಕುವ ಹೊತ್ತಿಗೆ ನಮ್ಮ ಗಣಿಯಿಂದ ಪತ್ರಿಕೆ ಹೊರಟು ಇಪ್ಪತ್ತೈದು ವರ್ಷ ಆಗಿಹೋಗಿತ್ತು.

ಬೆಂಚು ಹಾಕಿದರು ಸರಿ. ಆ ಬೆಂಚಿನಿಂದ ಎದ್ದು ಪತ್ರಿಕೆಯ ಕುರ್ಚಿಯಲ್ಲಿ ಕೂತವರು ಯಾರು? 1996ರಲ್ಲಿ ಬಿ. ಎನ್. ಉನಿಯಾಲ್ ಎಂಬ ಪತ್ರಕರ್ತ ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಲು ಹೊರಟರು. ಸರ್ಕಾರದ ಮಾನ್ಯತೆ ಪಡೆದ 686 ಪತ್ರಕರ್ತರ ಪಟ್ಟಿಯಲ್ಲಿ 454 ಜನರ ಹೆಸರಿನಲ್ಲೇ ಜಾತಿ ಇತ್ತು, ಅದರಲ್ಲಿ ದಲಿತ ಇರಲಿಲ್ಲ. ಉಳಿದವರಲ್ಲಿ 47 ಜನರನ್ನು ಕೇಳಿದರು, ಅಲ್ಲೂ ಸಿಗಲಿಲ್ಲ. ಹತ್ತು ವರ್ಷ ಬಿಟ್ಟು 2006ರಲ್ಲಿ ದೆಹಲಿಯ 37 ಮಾಧ್ಯಮ ಸಂಸ್ಥೆಗಳ ಮೇಲಿನ ಹುದ್ದೆಗಳನ್ನು ಎಣಿಸಿದರು. ಮುನ್ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬ ದಲಿತನೂ ಇಲ್ಲ, ಒಬ್ಬ ಆದಿವಾಸಿಯೂ ಇಲ್ಲ. 2019ರಲ್ಲಿ ಮತ್ತೆ ಎಣಿಸಿದರು. 121 ಮುಖ್ಯ ಸ್ಥಾನಗಳಲ್ಲಿ 106 ಮೇಲ್ಜಾತಿಗಳವರದು. ನಮ್ಮದು ಮತ್ತದೇ ಸೊನ್ನೆ.

ಸೊನ್ನೆಯ ಬೆಲೆ ಏನು ಅಂತ ಕೋಲಾರ ಸೀಮೆಯ ನಮಗೆ ಯಾರೂ ವಿವರಿಸಬೇಕಾಗಿಲ್ಲ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಬೆಂಕಿ ಹಾಕಿ ಸುಟ್ಟರು. ಆ ವಾರ ಎಲ್ಲ ಪತ್ರಿಕೆಗಳಲ್ಲೂ ಸುದ್ದಿ. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬೆಂಕಿ ಸುದ್ದಿಯಾಗುತ್ತದೆ. ಬೆಂಕಿ ಬೀಳುವುದಕ್ಕೆ ಮೊದಲು ಆ ಕೇರಿಯಲ್ಲಿ ಏನು ನಡೆದಿತ್ತು, ಸಾಕ್ಷಿಗಳ ನಾಲಗೆ ಯಾಕೆ ಬಿದ್ದುಹೋಯಿತು ಅಂತ ವರ್ಷಗಟ್ಟಲೆ ಹಿಂದೆ ಬಿದ್ದು ಬರೆಯೋರು ಬೇಕು. ಸುದ್ದಿಮನೆಯಲ್ಲಿ ಕೇರಿ ಕಂಡವರೇ ಇಲ್ಲದಿದ್ದರೆ ಬರೆಯೋದು ಯಾರು? ಜಾತಿಯ ದಾಳಿಯನ್ನು 'ಎರಡು ಗುಂಪುಗಳ ಘರ್ಷಣೆ' ಅಂತ ತಲೆಬರಹ ಕೊಟ್ಟು ಮುಗಿಸೋದು ಇಂಥ ಕಡೆಯೇ.

ಈ ಕೊರತೆ ತುಂಬೋಕೆ ಎಪ್ಪತ್ತರ ದಶಕದಲ್ಲಿ 'ಪಂಚಮ' ಬಂತು, ಇನ್ನೂ ಹಲವು ಸಣ್ಣ ಪತ್ರಿಕೆಗಳು ಬಂದವು. ಕೈಯಿಂದ ಕೈಗೆ ಹೋದವು, ಬಸ್ ಸ್ಟ್ಯಾಂಡಿನಲ್ಲಿ, ಹಾಸ್ಟೆಲಿನಲ್ಲಿ, ಧರಣಿಯ ಚಪ್ಪರದಲ್ಲಿ ಓದಿಸಿಕೊಂಡವು. 'ತಮಿಳನ್' ಮತ್ತು 'ಪಂಚಮ' ಒಂದೇ ಬಳ್ಳಿಯ ಕಾಯಿಗಳು. ನಡುವೆ ಭಾಷೆಯ ಬೇಲಿ ಇದ್ದುದರಿಂದ ನಮ್ಮ ಓದುಗರಿಗೆ ಆ ಬಳ್ಳಿ ಕಾಣಲಿಲ್ಲ. ತಮಿಳಿನದು ಅಂತ ಕನ್ನಡದವರು ಬಿಟ್ಟರು, ಮೈಸೂರು ಸೀಮೆಯದು ಅಂತ ತಮಿಳಿನವರೂ ಬಹಳ ಕಾಲ ಮರೆತರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುಮಾರು ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ ನೆಲದಲ್ಲಿ ಉಳಿದದ್ದು ಸೈನೈಡ್ ದಿಬ್ಬ. ಇವತ್ತು ಗಣಿಯವರ ಮಕ್ಕಳು ಬೆಳಗಾಗುವ ಮೊದಲೇ ಮಾರಿಕುಪ್ಪಂನಲ್ಲಿ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. 2017ರಲ್ಲಿ ಕೋಲಾರದ ಟಮಕದಲ್ಲೇ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂತು. ಹೆಬ್ಬೆಟ್ಟು ಒತ್ತಿದ ತಾಯಂದಿರ ಮಕ್ಕಳು ಪತ್ರಿಕೋದ್ಯಮಕ್ಕೆ ಅರ್ಜಿ ಹಾಕುವ ಕಾಲ ಇದು. ಇದೇ ಕಾಲದಲ್ಲಿ, 2018ರಲ್ಲೂ 2022ರಲ್ಲೂ, ನಮ್ಮ ಗಣಿಯ ಹೆಸರು ಹೊತ್ತ ಸಿನಿಮಾ ದೇಶವನ್ನೇ ಗೆದ್ದಿತು. ಕಟ್ಟುಕತೆ ಸ್ವಾಮಿ, ಒಪ್ಪೋಣ. ಆದರೆ ಅದರಲ್ಲಿ ಗಣಿಯ ಜನ ಅಂದರೆ ಹೊರಗಿನಿಂದ ಒಬ್ಬ ನಾಯಕ ಬರಲಿ ಅಂತ ಬಾಯಿ ಮುಚ್ಚಿ ಕಾಯುವ ಗುಲಾಮರು. ಪತ್ರಿಕೆ ನಡೆಸಿದವರನ್ನು, ಮೂರು ವಾರ ಮುಷ್ಕರ ಹೂಡಿದವರನ್ನು ಮೂಕರನ್ನಾಗಿ ತೋರಿಸಿದ್ದನ್ನು ನೋಡಿ ನಾವೂ ಶಿಳ್ಳೆ ಹೊಡೆದೆವು. ನಮ್ಮ ಚರಿತ್ರೆ ನಮಗೇ ಗೊತ್ತಿಲ್ಲದಿದ್ದರೆ ಹೀಗೆಯೇ ಆಗೋದು.

ಹಾಗಾದರೆ ಈ ಪದವಿಗೆ ಸೇರುವುದು ಬೇಡವೇ? ಸೇರಲೇಬೇಕು. ಕ್ಯಾಮೆರಾ ಹಿಡಿಯೋದು, ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆಸೋದು, ಒಂದು ವರದಿಯನ್ನು ಕೋರ್ಟಿನಲ್ಲೂ ನಿಲ್ಲುವ ಹಾಗೆ ಬರೆಯೋದು ಕಲಿಯಬೇಕಾದ ವಿದ್ಯೆಗಳೇ. ಇಂಗ್ಲಿಷಿಗೆ ಹೆದರಬೇಡಿ, ಅದೂ ಒಂದು ಉಪಕರಣ, ಗಣಿಯೊಳಗಿನ ಉಳಿ ಸುತ್ತಿಗೆಯ ಹಾಗೆ. ಆದರೆ ಬರಿಗೈಲಿ ಬಂದವರ ಹಾಗೆ ತಲೆ ತಗ್ಗಿಸಿ ಕೂರಬೇಡಿ. ಹಿಕ್ಕಿಯ ಪಾಠ ಆದ ಮೇಲೆ ಎದ್ದು ನಿಂತು 1907ರ ಬಗ್ಗೆ, 1926ರ ಬಗ್ಗೆ ಕೇಳಿ. ತಮಿಳು ಓದಲು ಬರುವ ಗೆಳೆಯನ ಪಕ್ಕ ಕೂತು ಹಳೆಯ ಹಾಳೆಗಳನ್ನು ಕನ್ನಡಕ್ಕೆ ತನ್ನಿ. ನಿಮ್ಮ ಮೊದಲ ಪ್ರಾಜೆಕ್ಟನ್ನು ಬೇರೆಲ್ಲೂ ಹುಡುಕಬೇಡಿ, ಚಾಂಪಿಯನ್ ರೀಫ್‌ನ ಲೈನುಗಳಿಗೆ ಹೋಗಿ. ಗಣಿಗೆ ಇಳಿದಿದ್ದ ಮುದುಕರು ಇನ್ನೂ ಇದ್ದಾರೆ, ಅವರ ಎದೆಯ ಧೂಳು ಅವರನ್ನು ಬಹಳ ದಿನ ಬಿಡುವುದಿಲ್ಲ. ಅವರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಮೇಷ್ಟ್ರುಗಳೇ, ನಿಮ್ಮ ಶಾಲೆಯ ಮಕ್ಕಳಿಗೂ ಒಂದು ಗೋಡೆಪತ್ರಿಕೆ ಮಾಡಿಕೊಡಿ, ಕೇರಿಯ ಸುದ್ದಿಯನ್ನು ಮೊದಲ ಸಾಲಿನಲ್ಲಿ ಬರೆಸಿ.

ನಮ್ಮ ತಾತ ಇನ್ನೊಬ್ಬರ ಸಾವಿನ ಸುದ್ದಿ ಹೊತ್ತು ಹತ್ತೂರು ನಡೆದ. ನಮ್ಮವರ ಬದುಕಿನ ಸುದ್ದಿ ಬರೆಯುವ ಕೆಲಸ ನಮ್ಮ ಪಾಲಿಗೆ ಬಂದಿದೆ.